ನೆನಪು ಗಟ್ಟಿಯಾಗುವ ಜಾಗ: ಒಂದು ನೂರು ವರ್ಷದ ಹುಡುಕಾಟ

ನಮ್ಮ ತಲೆಯೊಳಗೆ, ಎರಡೂ ಕಿವಿಗಳ ನೇರಕ್ಕೆ ಒಳಭಾಗದಲ್ಲಿ, ಬಾಗಿದ ಕಿರುಬೆರಳಿನಂಥ ಒಂದೊಂದು ಭಾಗವಿದೆ. ಹದಿನಾರನೇ ಶತಮಾನದಲ್ಲಿ ಇಟಲಿಯ ಬೊಲೋನಾ ನಗರದ ಅಂಗರಚನಾ ಶಾಸ್ತ್ರಜ್ಞ ಜೂಲಿಯೊ ಚೇಸರೆ ಅರಾಂಝಿ ಅದನ್ನು ಬಿಡಿಸಿ ನೋಡಿದಾಗ ಅವರಿಗೆ ಕಡಲಕುದುರೆಯನ್ನು ಕಂಡಂತಾಯಿತು. ಹಾಗೆ ಅದಕ್ಕೆ ಹಿಪ್ಪೊಕ್ಯಾಂಪಸ್ ಎಂಬ ಹೆಸರು ಬಂತು. ಹೆಸರಿಟ್ಟವರಿಗೆ ಅದು ಮಾಡುವ ಕೆಲಸ ಏನೆಂದು ಗೊತ್ತಿರಲಿಲ್ಲ. ಮುಂದೆ ಬಹಳ ಕಾಲ ಅದಕ್ಕೂ ವಾಸನೆ ಹಿಡಿಯುವುದಕ್ಕೂ ಸಂಬಂಧವಿದೆ ಎಂದೇ ಪಂಡಿತರು ನಂಬಿದ್ದರು.

ಇಂದು ಗೊತ್ತಿರುವುದು ಬೇರೆ. ಈ ದಿನ ಕಂಡದ್ದು, ಕೇಳಿದ್ದು, ಕಲಿತದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಅದು ಈ ಕಡಲಕುದುರೆಯ ಮೂಲಕವೇ ಹಾದುಹೋಗಬೇಕು. ಅಲ್ಲಿ ನರಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುತ್ತವೆ. ಆ ಬಲವೇ ನೆನಪಿನ ಬುನಾದಿ. ಈ ಒಂದು ಮಾತನ್ನು ಊಹೆಯಿಂದ ಪ್ರಯೋಗದ ಸಾಬೀತಿನವರೆಗೆ ತರಲು ಮನುಷ್ಯರಿಗೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಊರಿನಲ್ಲಿ ಮಕ್ಕಳನ್ನು ಓದಲು ಬಿಟ್ಟು, ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಇಲ್ಲಿ ದುಡಿಯುತ್ತಿರುವ ನಮಗೆ ಈ ಚರಿತ್ರೆಯಿಂದ ತಿಳಿಯಬೇಕಾದದ್ದು ಸಾಕಷ್ಟಿದೆ.

ಅಡುಗೆಮನೆಯಲ್ಲಿ ಸಿಕ್ಕ ಕಪ್ಪು ಬಣ್ಣ

1870ರ ದಶಕದಲ್ಲಿ ಕ್ಯಾಮಿಲ್ಲೊ ಗಾಲ್ಗಿ ಎಂಬ ಇಟಲಿಯ ಯುವ ವೈದ್ಯ ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನ, ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಪ್ರಯೋಗಾಲಯ ಇರಲಿಲ್ಲ, ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. 1873ರಲ್ಲಿ ಅವರು ಮಿದುಳಿನ ತುಣುಕನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸುವ ವಿಧಾನವನ್ನು ಪ್ರಕಟಿಸಿದರು. ಹಾಗೆ ನೆನೆಸಿದಾಗ ನೂರಾರು ಕೋಶಗಳಲ್ಲಿ ಕೆಲವು ಮಾತ್ರ, ಆದರೆ ಬೇರು ಕೊಂಬೆ ಸಮೇತ ಪೂರ್ತಿಯಾಗಿ, ಕಪ್ಪಾಗಿ ಕಾಣಿಸುತ್ತವೆ. ಎಲ್ಲವೂ ಕಪ್ಪಾಗಿದ್ದರೆ ಮಸಿಯ ಮುದ್ದೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಈ ಬಣ್ಣವನ್ನು ಸ್ಪೇನ್ ದೇಶದ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ 1887ರಲ್ಲಿ ಕಂಡರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕೈಯಿಂದಲೇ ಬರೆದು ಚಿತ್ರಿಸುತ್ತಾ ಹೋದ ಅವರಿಗೆ ಒಂದು ವಿಷಯ ಖಚಿತವಾಯಿತು: ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಪ್ರತಿಯೊಂದೂ ಬಿಡಿ ಕೋಶ, ಒಂದರ ಸಮೀಪಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ. ಗಾಲ್ಗಿ ಇದನ್ನು ಒಪ್ಪಲಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಹುಮಾನ ಬಂದಾಗಲೂ ಗಾಲ್ಗಿ ತಮ್ಮ ಭಾಷಣದಲ್ಲಿ ಕಹಾಲರ ವಾದವನ್ನೇ ವಿರೋಧಿಸಿದರು. ಕೋಶ ಕೋಶಗಳ ನಡುವೆ ನಿಜವಾಗಿಯೂ ಒಂದು ಕಿರಿದಾದ ಸಂದು ಇದೆ ಎಂಬುದು 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಕಣ್ಣಿಗೆ ಕಂಡಿತು. ಆ ಹೊತ್ತಿಗೆ ಇಬ್ಬರೂ ಇರಲಿಲ್ಲ.

ಕಹಾಲ್ 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಕೊಟ್ಟರು. ದೊಡ್ಡವರಾದ ಮೇಲೆ ಹೊಸ ನರಕೋಶ ಹುಟ್ಟದಿದ್ದರೂ ನಾವು ಹೊಸದನ್ನು ಕಲಿಯುತ್ತೇವಲ್ಲ, ಅದು ಹೇಗೆ? ಇರುವ ಕೋಶಗಳ ನಡುವಿನ ಸಂಪರ್ಕವೇ ಅಭ್ಯಾಸದಿಂದ ಬೆಳೆದು ಬಲಗೊಳ್ಳುತ್ತಿರಬೇಕು ಎಂದು ಅವರು ಊಹಿಸಿದರು. ಮೂರು ವರ್ಷದ ಬಳಿಕ, 1897ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಆ ಸಂಪರ್ಕದ ಜಾಗಕ್ಕೆ ಸಿನಾಪ್ಸ್ ಎಂಬ ಹೆಸರು ಕೊಟ್ಟರು. ಊಹೆಯೂ ಹೆಸರೂ ಸಿಕ್ಕವು. ಸಾಬೀತು ಮಾತ್ರ ಇನ್ನೂ ದೂರವಿತ್ತು.

ಮರೆತುಹೋದ ಕನಸು

ಸಂದು ಇದೆ ಎಂದಾದರೆ ಸುದ್ದಿ ಆ ಸಂದನ್ನು ದಾಟುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆಟೊ ಲೋವಿ. ಅವರೇ ಹೇಳಿಕೊಂಡಂತೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ, ಕನಸೂ ನೆನಪಿಗೆ ಬರಲಿಲ್ಲ. ಮರುದಿನ ರಾತ್ರಿ ಅದೇ ಕನಸು ಮತ್ತೆ ಬಂತು. ಈ ಬಾರಿ ನೆಟ್ಟಗೆ ಪ್ರಯೋಗಾಲಯಕ್ಕೇ ಹೋದರು.

ಎರಡು ಕಪ್ಪೆಗಳ ಮಿಡಿಯುವ ಹೃದಯಗಳನ್ನು ದ್ರಾವಣದಲ್ಲಿಟ್ಟು, ಮೊದಲನೆಯದರ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಆ ಹೃದಯದ ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರಾವಣವನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಯಾರೂ ಅದರ ನರ ಮುಟ್ಟದಿದ್ದರೂ ಅದರ ಬಡಿತವೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಒಂದು ರಾಸಾಯನಿಕ ಹೊರಬರುತ್ತಿತ್ತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ವಸ್ತು ಅಸಿಟೈಲ್‌ಕೋಲಿನ್ ಎಂದು ಮುಂದೆ ಗೊತ್ತಾಯಿತು. 1936ರಲ್ಲಿ ಲೋವಿ ಅವರಿಗೆ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಇಂದು ಔಷಧಾಲಯದ ಕಪಾಟಿನಲ್ಲಿರುವ ನರ ಸಂಬಂಧಿ ಮಾತ್ರೆಗಳಲ್ಲಿ ಬಹುಪಾಲು ಇಂಥ ರಾಸಾಯನಿಕ ಸುದ್ದಿಯನ್ನು ಹೆಚ್ಚಿಸುವುದೋ ತಗ್ಗಿಸುವುದೋ ಮಾಡುತ್ತವೆ.

ನೆನಪು ನಿಂತುಹೋದ ಮನುಷ್ಯ

1949ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಕಹಾಲರ ಊಹೆಗೆ ಒಂದು ನಿಯಮದ ರೂಪ ಕೊಟ್ಟರು. ಒಂದು ಕೋಶ ಇನ್ನೊಂದನ್ನು ಪದೇಪದೇ ಎಬ್ಬಿಸುತ್ತಿದ್ದರೆ ಎರಡರ ನಡುವಿನ ಸಂಪರ್ಕದಲ್ಲಿ ಏನೋ ಬದಲಾವಣೆಯಾಗಿ, ಮುಂದೆ ಎಬ್ಬಿಸುವುದು ಇನ್ನೂ ಸುಲಭವಾಗುತ್ತದೆ ಎಂಬುದು ಅದರ ಸಾರ. ನಮ್ಮ ಹಿರಿಯರು 'ಹಾಡುತ್ತಾ ಹಾಡುತ್ತಾ ರಾಗ' ಎಂದದ್ದನ್ನೇ ಹೆಬ್ ಕೋಶಗಳ ಮಟ್ಟದಲ್ಲಿ ಹೇಳಿದರು. ಆದರೆ ಮಿದುಳಿನ ಯಾವ ಜಾಗದಲ್ಲಿ ಹುಡುಕಬೇಕು?

ಆ ಜಾಗವನ್ನು ತೋರಿಸಿದ್ದು ಒಬ್ಬ ರೋಗಿಯ ದುರದೃಷ್ಟ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಔಷಧಿಗೆ ಬಗ್ಗದಾದಾಗ 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ನೆನಪು ನಿಲ್ಲುವುದೇ ನಿಂತುಹೋಯಿತು. ಆಗತಾನೆ ಮಾತಾಡಿಸಿ ಹೊರಗೆ ಹೋದವರು ತಿರುಗಿ ಬಂದರೆ ಅವರಿಗೆ ಹೊಸಬರು. ಊಟ ಮಾಡಿದ್ದು ನೆನಪಿಲ್ಲ. ಬಾಲ್ಯದ ಸಂಗತಿಗಳು ಮಾತ್ರ ಹಾಗೇ ಇದ್ದವು. ಬುದ್ಧಿಯೂ ಮಾತೂ ಸರಿಯಾಗೇ ಇದ್ದವು.

ಅವರನ್ನು ಪರೀಕ್ಷಿಸಿದವರು ಹೆಬ್ ಅವರ ಶಿಷ್ಯೆ ಬ್ರೆಂಡಾ ಮಿಲ್ನರ್. ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸುವಂತೆ ಹೆನ್ರಿಗೆ ಹೇಳಿದರು. ಮೊದಲ ದಿನ ಕೈ ಅಡ್ಡಾದಿಡ್ಡಿ ಹೋಯಿತು. ಮೂರನೆಯ ದಿನಕ್ಕೆ ಸಲೀಸಾಯಿತು. ಆದರೆ ಅದನ್ನು ಹಿಂದೆ ಮಾಡಿದ ನೆನಪೇ ಅವರಿಗಿರಲಿಲ್ಲ! ಕೈಗೆ ಹತ್ತುವ ಕೆಲಸದ ನೆನಪು ಬೇರೆ, ನಡೆದ ಸಂಗತಿಯ ನೆನಪು ಬೇರೆ ಎಂದು ಇದರಿಂದ ತಿಳಿಯಿತು. ಹಳೆಯ ನೆನಪು ಉಳಿದದ್ದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಹಿಪ್ಪೊಕ್ಯಾಂಪಸ್ ನೆನಪಿನ ಕೊನೆಯ ಉಗ್ರಾಣವಲ್ಲ. ಹೊಸ ಸರಕನ್ನು ಮೊದಲು ಇಳಿಸಿಕೊಳ್ಳುವ ಜಾಗ. ಕಾಲ ಕಳೆದಂತೆ ನೆನಪು ಮಿದುಳಿನ ಹೊರಪದರದಲ್ಲಿ ನೆಲೆಯಾಗುತ್ತದೆ.

1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಇದನ್ನು ಪ್ರಕಟಿಸಿದರು. ಎರಡೂ ಬದಿಯಲ್ಲಿ ಇಂಥ ಶಸ್ತ್ರಕ್ರಿಯೆ ಮಾಡಬಾರದು ಎಂಬ ಎಚ್ಚರಿಕೆಯೂ ಅದರಿಂದ ವೈದ್ಯಲೋಕಕ್ಕೆ ಸಿಕ್ಕಿತು. ಹೆನ್ರಿ 2008ರಲ್ಲಿ ತೀರಿಕೊಳ್ಳುವವರೆಗೂ ವಿಜ್ಞಾನಿಗಳ ಪರೀಕ್ಷೆಗಳಿಗೆ ಬೇಸರವಿಲ್ಲದೆ ಕೂತರು. ಅದುವರೆಗೂ ಲೋಕಕ್ಕೆ ಅವರು 'ಎಚ್.ಎಂ.' ಎಂಬ ಎರಡಕ್ಷರ ಮಾತ್ರ. ಪೂರ್ತಿ ಹೆಸರು ಬಯಲಾದದ್ದು ಸತ್ತ ಮೇಲೆ. ಅವರಿಂದ ಜಗತ್ತು ಎಷ್ಟು ಕಲಿಯಿತೆಂಬುದು ಅವರಿಗೇ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಆಸ್ಲೋದ ಮೊಲಗಳು

ಹುಡುಕಬೇಕಾದ ಜಾಗ ಗೊತ್ತಾಯಿತು. ಮುಂದಿನ ಹೆಜ್ಜೆ ನಾರ್ವೆಯ ಆಸ್ಲೋದಲ್ಲಿ ಆಯಿತು. ಪೆರ್ ಆಂಡರ್ಸನ್ ಅವರ ಪ್ರಯೋಗಾಲಯದಲ್ಲಿ ತೆರ್ಯೆ ಲೋಮೊ ಎಂಬ ಯುವ ಸಂಶೋಧಕ 1966ರಲ್ಲಿ ಅರಿವಳಿಕೆ ಕೊಟ್ಟ ಮೊಲಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ವಿದ್ಯುತ್ ಸಂಕೇತಗಳನ್ನು ಅಳೆಯುತ್ತಿದ್ದಾಗ ಒಂದು ವಿಚಿತ್ರ ಕಂಡರು. ಒಳಬರುವ ನರತಂತುಗಳಿಗೆ ಒಂದಿಷ್ಟು ಸೆಕೆಂಡು ಬಿಡದೆ ಮಿಡಿತ ಕೊಟ್ಟರೆ, ಆಮೇಲೆ ಒಂದೇ ಮಿಡಿತಕ್ಕೂ ಕೋಶಗಳು ಮೊದಲಿಗಿಂತ ಜೋರಾಗಿ ಉತ್ತರಿಸುತ್ತಿದ್ದವು. ಅದು ಬೇಗ ಇಳಿಯುತ್ತಲೂ ಇರಲಿಲ್ಲ.

1968ರಲ್ಲಿ ಇಂಗ್ಲೆಂಡಿನಿಂದ ಟಿಮ್ ಬ್ಲಿಸ್ ಬಂದು ಸೇರಿದರು. ಇಬ್ಬರೂ ಮಾಡಿದ ಪ್ರಯೋಗಗಳ ವರದಿ 1973ರಲ್ಲಿ ಹೊರಬಂತು. 18 ಮೊಲಗಳಲ್ಲಿ 15ರಲ್ಲಿ ಸಂಪರ್ಕ ಬಲಗೊಂಡಿತ್ತು. ಅರ್ಧ ಗಂಟೆಯಿಂದ ಹಿಡಿದು 10 ಗಂಟೆಯವರೆಗೆ ಆ ಬಲ ಉಳಿದಿತ್ತು. ಹಾಡುತ್ತಾ ರಾಗ ಬರುವುದನ್ನು ಮೊದಲ ಬಾರಿಗೆ ಯಂತ್ರದ ಮೇಲೆ ಗೆರೆಯಾಗಿ ಕಂಡಂತಾಯಿತು. ಆದರೂ ಅವರು ಜಂಬ ಕೊಚ್ಚಲಿಲ್ಲ. ಪ್ರಯೋಗದಲ್ಲಿ ಕಂಡ ಈ ಗುಣವನ್ನು ಜೀವಂತ ಪ್ರಾಣಿ ತನ್ನ ದಿನನಿತ್ಯದ ಬದುಕಿನಲ್ಲಿ ಬಳಸುತ್ತದೆಯೋ ಇಲ್ಲವೋ ಅದು ಬೇರೆ ಪ್ರಶ್ನೆ ಎಂದೇ ವರದಿಯನ್ನು ಮುಗಿಸಿದರು. ಆ ಪ್ರಶ್ನೆಗೆ ಉತ್ತರಿಸಲು ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಎರಡು ಕೀಲಿಯ ಬೀಗ

ಬಲ ಬರುವುದು ಹೇಗೆ ಎಂಬುದು 1980ರ ದಶಕದಲ್ಲಿ ಬಿಡಿಸಿಕೊಂಡಿತು. ಇಲ್ಲಿ ಔಷಧಶಾಸ್ತ್ರದ ಪಾತ್ರ ದೊಡ್ಡದು. ಹಿಪ್ಪೊಕ್ಯಾಂಪಸ್ಸಿನ ಈ ಸಂಪರ್ಕಗಳಲ್ಲಿ ಸುದ್ದಿ ಒಯ್ಯುವ ರಾಸಾಯನಿಕ ಗ್ಲುಟಮೇಟ್. ಅದನ್ನು ಬರಮಾಡಿಕೊಳ್ಳಲು ಎದುರಿನ ಕೋಶದ ಮೇಲೆ ಎರಡು ಮುಖ್ಯ ಬಗೆಯ ಗ್ರಾಹಕಗಳಿವೆ: ಆಂಪಾ ಮತ್ತು ಎನ್‌ಎಂಡಿಎ. ಆಂಪಾ ಗ್ರಾಹಕ ಗ್ಲುಟಮೇಟ್ ಬಂದ ಕೂಡಲೇ ಬಾಗಿಲು ತೆರೆಯುತ್ತದೆ. ಎನ್‌ಎಂಡಿಎ ಹಾಗಲ್ಲ. ಅದರ ರಂಧ್ರದಲ್ಲಿ ಮೆಗ್ನೀಸಿಯಂ ಬಿರಡೆಯಂತೆ ಕೂತಿರುತ್ತದೆ ಎಂದು 1984ರಲ್ಲಿ ಗೊತ್ತಾಯಿತು. ಆ ಕೋಶ ಆಗಲೇ ಸಾಕಷ್ಟು ಎಚ್ಚೆತ್ತಿದ್ದರೆ ಮಾತ್ರ ಬಿರಡೆ ಹೊರಬರುತ್ತದೆ.

ಬ್ಯಾಂಕಿನ ಲಾಕರನ್ನು ನೆನೆಸಿಕೊಳ್ಳಿ. ಒಂದು ಕೀಲಿ ನಮ್ಮ ಕೈಯಲ್ಲಿ, ಇನ್ನೊಂದು ಬ್ಯಾಂಕಿನವರ ಕೈಯಲ್ಲಿ. ಎರಡೂ ಒಟ್ಟಿಗೆ ತಿರುಗಿದರೆ ಮಾತ್ರ ತೆರೆಯುತ್ತದೆ. ಇಲ್ಲಿಯೂ ಹಾಗೇ: ಕಳಿಸುವ ಕೋಶದಿಂದ ಗ್ಲುಟಮೇಟ್ ಬರಬೇಕು, ಪಡೆಯುವ ಕೋಶವೂ ಅದೇ ಹೊತ್ತಿಗೆ ಎದ್ದಿರಬೇಕು. ಹೆಬ್ ಹೇಳಿದ್ದ ನಿಯಮ ಒಂದು ಅಣುವಿನ ರೂಪದಲ್ಲೇ ಇತ್ತು. ಬಾಗಿಲು ತೆರೆದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೋಶದೊಳಗಿನ ಕಿಣ್ವಗಳನ್ನು ಎಬ್ಬಿಸುತ್ತದೆ, ಇನ್ನಷ್ಟು ಆಂಪಾ ಗ್ರಾಹಕಗಳು ಸಂಪರ್ಕದ ಜಾಗಕ್ಕೆ ಬಂದು ಸೇರುತ್ತವೆ. ಮುಂದಿನ ಸಲ ಅಷ್ಟೇ ಗ್ಲುಟಮೇಟ್ ಬಂದರೂ ಉತ್ತರ ಜೋರಾಗಿರುತ್ತದೆ. ಈ ಬಲ ದಿನಗಟ್ಟಲೆ ಉಳಿಯಬೇಕಾದರೆ ಕೋಶ ಹೊಸ ಪ್ರೋಟೀನುಗಳನ್ನು ತಯಾರಿಸಬೇಕು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೆಫ್ ವಾಟ್ಕಿನ್ಸ್ ಮತ್ತು ಸಂಗಡಿಗರು ಎನ್‌ಎಂಡಿಎ ಗ್ರಾಹಕವನ್ನು ಮಾತ್ರ ತಡೆಯುವ ಎಪಿ5 ಎಂಬ ವಸ್ತುವನ್ನು ರೂಪಿಸಿದ್ದರು. 1983ರಲ್ಲಿ ಗ್ರಹಾಂ ಕಾಲಿಂಗ್ರಿಜ್ ಮತ್ತು ಸಂಗಡಿಗರು ಅದನ್ನು ಹಾಕಿದರೆ ಹಿಪ್ಪೊಕ್ಯಾಂಪಸ್ಸಿನ ಸಂಪರ್ಕ ಬಲಗೊಳ್ಳುವುದಿಲ್ಲ ಎಂದು ತೋರಿಸಿದರು. 1986ರಲ್ಲಿ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು ಅದೇ ವಸ್ತುವನ್ನು ಇಲಿಗಳ ಮಿದುಳಿಗೆ ಕೊಟ್ಟು, ನೀರು ಕದಡಿದ ತೊಟ್ಟಿಯಲ್ಲಿ ಬಿಟ್ಟರು. ನೀರಿನಡಿ ಕಾಣದಂತೆ ಒಂದು ಕಟ್ಟೆ ಇತ್ತು. ಸಾಮಾನ್ಯ ಇಲಿಗಳು ಕೆಲವು ಸಲ ಈಜಿದ ಮೇಲೆ ಕಟ್ಟೆಯ ಜಾಗ ಕಲಿತವು. ಔಷಧ ಪಡೆದ ಇಲಿಗಳು ಕಲಿಯಲು ತಿಣುಕಿದವು. ಬ್ಲಿಸ್, ಕಾಲಿಂಗ್ರಿಜ್, ಮಾರಿಸ್ ಮೂವರಿಗೂ 2016ರಲ್ಲಿ ಬ್ರೈನ್ ಪ್ರೈಜ್ ಬಂತು.

ಕೊನೆಯ ಸಾಬೀತು 2006ರದು. ಅಮೆರಿಕದ ಮಾರ್ಕ್ ಬೇರ್ ಅವರ ತಂಡ ಇಲಿಗೆ ಒಂದೇ ಒಂದು ಪಾಠ ಕಲಿಸಿ, ಕಲಿತ ಕೂಡಲೇ ಹಿಪ್ಪೊಕ್ಯಾಂಪಸ್ಸಿನ ಕೆಲವು ಸಂಪರ್ಕಗಳು ತಾವಾಗಿಯೇ ಬಲಗೊಂಡದ್ದನ್ನು ಅಳೆದು ತೋರಿಸಿತು. 1973ರಲ್ಲಿ ಉಳಿದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಹೌದು, ಪ್ರಾಣಿ ಇದನ್ನು ನಿಜವಾಗಿಯೂ ಬಳಸುತ್ತದೆ.

ಟ್ಯಾಕ್ಸಿ ಚಾಲಕರು ಮತ್ತು ಬೆಂಗಳೂರಿನ ಇಲಿಗಳು

ನಮ್ಮಲ್ಲಿ ಗಾಡಿ ಓಡಿಸಿ ಬದುಕುವವರು ಬಹಳ ಮಂದಿ. ಅವರಿಗೊಂದು ಸಂತೋಷದ ಸುದ್ದಿಯೂ ಈ ಚರಿತ್ರೆಯಲ್ಲಿದೆ. ಲಂಡನ್ನಿನಲ್ಲಿ ಟ್ಯಾಕ್ಸಿ ಪರವಾನಗಿ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. 2000ದಲ್ಲಿ ಎಲೀನರ್ ಮಗ್ವೈರ್ ಮತ್ತು ಸಂಗಡಿಗರು ಅಂಥ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಉಳಿದವರಿಗಿಂತ ದೊಡ್ಡದಿತ್ತು. 2011ರಲ್ಲಿ ಅದೇ ಪ್ರಯೋಗಾಲಯ ಕಲಿಯುವ ಮೊದಲು ಮತ್ತು ಕಲಿತ ಬಳಿಕ ಅಳೆದು ನೋಡಿತು. ಪರೀಕ್ಷೆ ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು, ಆಗದವರಲ್ಲಿ ಬೆಳೆದಿರಲಿಲ್ಲ. ನಡುವಯಸ್ಸಿನಲ್ಲೂ ಮಿದುಳು ಕಲಿಕೆಗೆ ತಕ್ಕಂತೆ ಬದಲಾಗುತ್ತದೆ.

ಆದರೆ ನಮ್ಮ ಗಾದೆಗೆ ಇನ್ನೊಂದು ಅರ್ಧವೂ ಇದೆ: 'ನರಳುತ್ತಾ ನರಳುತ್ತಾ ರೋಗ'. ಆ ಅರ್ಧವನ್ನು ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರು. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೊಂದಿಗೆ ಸೇರಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕೂಡಿಹಾಕಿ ಒತ್ತಡ ಕೊಟ್ಟರು. ಆಮೇಲೆ ಕೋಶಗಳನ್ನು ನೋಡಲು ಬಳಸಿದ್ದು, ಅಡುಗೆಮನೆಯಲ್ಲಿ ಹುಟ್ಟಿದ ಗಾಲ್ಗಿಯ ಅದೇ ಬಣ್ಣದ ಪದ್ಧತಿ. ಹಿಪ್ಪೊಕ್ಯಾಂಪಸ್ಸಿನ ಕೋಶಗಳ ಕೊಂಬೆಗಳು ಕುಗ್ಗಿದ್ದವು. ಭಯ, ಆತಂಕಗಳನ್ನು ನೋಡಿಕೊಳ್ಳುವ ಬಾದಾಮಿ ಆಕಾರದ ಅಮಿಗ್ಡಲದಲ್ಲಿ ಕೊಂಬೆಗಳು ಬೆಳೆದಿದ್ದವು. 2004ರಲ್ಲಿ ಅದೇ ತಂಡ 21 ದಿನ ಒತ್ತಡವಿಲ್ಲದೆ ಬಿಟ್ಟು ನೋಡಿತು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲದ ಬೆಳವಣಿಗೆ ಹಾಗೇ ಉಳಿದಿತ್ತು.

ಇದು ಇಲಿಗಳ ಮಾತು, ಮನುಷ್ಯರಿಗೆ ಅಳತೆ ಹಿಡಿದು ಅನ್ವಯಿಸಲಾಗದು. ಆದರೂ ಸಾಲದ ಕಂತು, ವೀಸಾದ ಅವಧಿ, ಊರಿನ ಚಿಂತೆ ಹೊತ್ತು ವರ್ಷಗಟ್ಟಲೆ ಕಳೆಯುವ ನಾವು ಇದನ್ನು ಸುಮ್ಮನೆ ಓದಿ ಮುಚ್ಚಿಡಲಾಗದು. ಹೊಸದು ತಲೆಗೆ ಹತ್ತುತ್ತಿಲ್ಲ, ಹಳೆಯ ಭಯ ಮಾತ್ರ ಬಿಡುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅದು ಅವರ ದಡ್ಡತನವಲ್ಲ, ನೆಪವೂ ಅಲ್ಲ.

ಮಾತ್ರೆ ಕೇಳುವವರಿಗೆ

ಔಷಧಾಲಯದಲ್ಲಿ ಕೆಲಸ ಮಾಡುವ ನಮ್ಮನ್ನು ಜನ ಎರಡು ವಿಷಯ ಕೇಳುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳಿಗೆ ನೆನಪಿನ ಶಕ್ತಿಯ ಮಾತ್ರೆ ಯಾವುದು? ಮರೆವು ಹಿಡಿದ ಅಪ್ಪ ಅಮ್ಮನಿಗೆ ಏನು ಕೊಡಬಹುದು?

ಮೊದಲನೆಯದಕ್ಕೆ ಉತ್ತರ ಈ ಚರಿತ್ರೆಯಲ್ಲೇ ಇದೆ. ಸಂಪರ್ಕ ಬಲಗೊಳ್ಳುವುದು ಗಮನವಿಟ್ಟು, ಮರಳಿ ಮರಳಿ ಮಾಡಿದಾಗ. ಆಮೇಲೆ ಪ್ರೋಟೀನು ತಯಾರಾಗಲು ಹೊತ್ತು ಬೇಕು. ಹಗಲು ಓಡಾಡಿದ ಜಾಗಗಳಲ್ಲಿ ಎಚ್ಚೆತ್ತಿದ್ದ ಹಿಪ್ಪೊಕ್ಯಾಂಪಸ್ಸಿನ ಕೋಶಗಳು ನಿದ್ದೆಯಲ್ಲಿ ಮತ್ತೆ ಜೊತೆಯಾಗಿ ಎಚ್ಚೆತ್ತುಕೊಳ್ಳುತ್ತವೆ ಎಂದು 1994ರಲ್ಲೇ ಇಲಿಗಳಲ್ಲಿ ಕಂಡಿದೆ. ಮಗ್ಗಿಯನ್ನು ದಿನಕ್ಕಿಷ್ಟು ಎಂದು ಹೇಳಿಸಿ, ಹೊತ್ತಿಗೆ ಸರಿಯಾಗಿ ಮಲಗಿಸುತ್ತಿದ್ದ ನಮ್ಮ ಮೇಷ್ಟ್ರು, ಅಜ್ಜಿಯರು ಸರಿಯಾದುದನ್ನೇ ಮಾಡುತ್ತಿದ್ದರು. ಆರೋಗ್ಯವಂತ ಮಗುವಿನ ವಿಷಯದಲ್ಲಿ ಆ ಕೆಲಸವನ್ನು ಮಾಡಿಕೊಡುವ ಬಾಟಲಿ ನಮ್ಮ ಕಪಾಟಿನಲ್ಲಿಲ್ಲ. ಹತ್ತಾರು ದಿರಮ್ ರಿಯಾಲ್ ಕೊಟ್ಟು ಕೊಂಡು ಊರಿಗೆ ಕಳಿಸುವ ಮೊದಲು ಇದು ಗೊತ್ತಿರಲಿ.

ಎರಡನೆಯದು ಕಷ್ಟದ ಪ್ರಶ್ನೆ. ಆಲ್ಜೈಮರ್ ರೋಗ ಬಹುತೇಕ ಮೊದಲು ಹಾಳುಮಾಡುವುದು ಹಿಪ್ಪೊಕ್ಯಾಂಪಸ್ ಮತ್ತು ಅದಕ್ಕೆ ಅಂಟಿಕೊಂಡ ಭಾಗವನ್ನೇ. ಆದ್ದರಿಂದಲೇ ಫೋನಿನಲ್ಲಿ ಅಪ್ಪ "ಯಾವಾಗ ಬರ್ತೀಯ?" ಎಂದು ಹತ್ತು ನಿಮಿಷದಲ್ಲಿ ಮೂರು ಸಲ ಕೇಳುತ್ತಾರೆ, ಆದರೆ ನಲವತ್ತು ವರ್ಷದ ಹಿಂದಿನ ಜಾತ್ರೆಯನ್ನು ಬಣ್ಣ ಬಣ್ಣವಾಗಿ ಹೇಳುತ್ತಾರೆ. ಡೊನೆಪೆಜಿಲ್ ಎಂಬ ಮಾತ್ರೆ ಲೋವಿ ಕಂಡ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆಯುತ್ತದೆ; ಮೆಮಾಂಟಿನ್ ಎನ್‌ಎಂಡಿಎ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಎರಡೂ ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತವೆ, ರೋಗವನ್ನು ಗುಣಪಡಿಸುವುದಿಲ್ಲ. ಆದರೆ ಎಲ್ಲ ಮರೆವೂ ಆಲ್ಜೈಮರ್ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಕೆಲವು ನಿದ್ದೆಮಾತ್ರೆಗಳು ಹೊಸ ನೆನಪು ನಿಲ್ಲದಂತೆ ಮಾಡುತ್ತವೆ. ನೆಗಡಿ, ಅಲರ್ಜಿಗೆ ಕೊಡುವ, ತೂಕಡಿಕೆ ತರುವ ಹಳೆಯ ಬಗೆಯ ಮಾತ್ರೆಗಳು ಅದೇ ಅಸಿಟೈಲ್‌ಕೋಲಿನ್‌ಗೆ ಅಡ್ಡಬಂದು ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸುತ್ತವೆ. ಇವನ್ನು ಇಲ್ಲಿಂದ ಡಬ್ಬಗಟ್ಟಲೆ ಕಳಿಸುವ ಅಭ್ಯಾಸ ನಮ್ಮವರಲ್ಲಿದೆ. ಅದನ್ನು ಬಿಟ್ಟು, ಮುಂದಿನ ರಜೆಯಲ್ಲಿ ಹೋದಾಗ ಹಿರಿಯರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಅವರನ್ನು ವೈದ್ಯರಿಗೆ ತೋರಿಸೋಣ. ತಾವಾಗಿ ನಿಲ್ಲಿಸುವುದೂ ಬೇಡ. ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ.

ಅಪ್ಪ ನಾಲ್ಕನೆಯ ಸಲ ಅದೇ ಪ್ರಶ್ನೆ ಕೇಳಿದರೆ "ಆಗಲೇ ಹೇಳಿದೆನಲ್ಲ" ಎಂದು ರೇಗುವುದರಿಂದ ಪ್ರಯೋಜನವಿಲ್ಲ. ಆ ಉತ್ತರ ನಿಲ್ಲಬೇಕಾದ ಜಾಗವೇ ಸವೆದಿದೆ. ಮೊದಲ ಸಲ ಹೇಳಿದಷ್ಟೇ ಸಮಾಧಾನದಿಂದ ನಾಲ್ಕನೆಯ ಸಲವೂ ಹೇಳೋಣ. ಆಮೇಲೆ ಜಾತ್ರೆಯ ಕಥೆ ಕೇಳೋಣ. ಅದು ಅವರಲ್ಲಿ ಇನ್ನೂ ಗಟ್ಟಿಯಾಗಿದೆ.